ಉಪ್ಪು ಹಾಕದ ಮೊಟ್ಟೆ ಸೂಪು

ಇಸ್ತ್ರಿಯಮ್ಮನ ಗಂಡ ಒಂದೇ ಕಟ್ಟಡದ ಲಿಫ್ಟಿನೊಳಗೆ ಮೂವತ್ತೊಂದು ವರ್ಷ ನಿಂತು ದುಡಿದವರು. ಒಂಬತ್ತು ಮಹಡಿಯ ಕಚೇರಿ ಅದು. "ನನ್ನಷ್ಟು ಸಲ ಮೇಲೆ ಹೋದೋನು ಆ ಆಫೀಸಲ್ಲಿ ಇನ್ನೊಬ್ಬನಿಲ್ಲ. ಏನ್ ಮಾಡೋದು, ಸಂಜೆ ಆದ್ರೆ ತಂದು ಕೆಳಗೇ ಬಿಡ್ತಾರೆ" ಎಂದು ಹೇಳಿ ತಾವೇ ಮೊದಲು ನಗುತ್ತಿದ್ದರು. ಓಣಿಯವರಿಗೆಲ್ಲ ಅವರು ಲಿಫ್ಟಿನವರು. ಅವಳು ಆಸ್ಪತ್ರೆಗಳ ಬಟ್ಟೆ ತೊಳೆಯುವ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮೇಜಿನವಳು, ಅದಕ್ಕೇ ಇಸ್ತ್ರಿಯಮ್ಮ. ದಿನಕ್ಕೆ ಇನ್ನೂರು ಹಾಸಿಗೆ ಚಾದರ, ಅದರ ಮೇಲೆ ದಿಂಬಿನ ಚೀಲ ಬೇರೆ. ಮಕ್ಕಳಿಲ್ಲ. ಆ ಕೊರಗು ಇದ್ದದ್ದು ಹೌದು, ಆದರೆ ಅದನ್ನೇ ಹಾಸಿ ಹೊದ್ದು ಮಲಗುವವರಲ್ಲ ಇಬ್ಬರೂ.

ಮದುವೆಯಾದ ಹೊಸತರಲ್ಲಿ ಗಂಡ ಅವಳನ್ನು ಕಚೇರಿಯ ಹಿಂದಿನ ಸಂದಿಯಲ್ಲಿದ್ದ ಚೀನೀ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. ನಾಲ್ಕೇ ಮೇಜು, ಗೋಡೆಯ ತುಂಬ ಎಣ್ಣೆಜಿಡ್ಡು. ಅಲ್ಲಿ ಮೊದಲ ಸಲ ಮೊಟ್ಟೆ ಸೂಪು ಕುಡಿದಳು. ತಿಳಿಯಾದ ಬಿಸಿ ಸಾರಿನಲ್ಲಿ ಮೊಟ್ಟೆ ರೇಷ್ಮೆ ಎಳೆಯಂತೆ ತೇಲುತ್ತಿತ್ತು. "ಇದನ್ನ ಯಾರು ನೇಯ್ದ್ರು?" ಎಂದು ಕೇಳಿದ್ದಳಂತೆ. ಗಂಡ ಆ ಮಾತನ್ನು ಸಾಯುವ ತನಕ ಆಡಿಕೊಂಡರು. ಆಮೇಲೆ ತಿಂಗಳಿಗೊಂದು ಸಲ ಆ ಹೋಟೆಲು ಖಾಯಮ್ಮಾಯಿತು. ಬೇರೆ ಏನು ತಿಂದರೂ ತಿನ್ನದಿದ್ದರೂ ಲಿಫ್ಟಿನವರಿಗೆ ಆ ಸೂಪು ಆಗಲೇಬೇಕು.

ಮನೆಯವರೆಂದರೆ ಮೂವರೇ. ಮೂರನೆಯವಳು ಲಿಫ್ಟಿನವರ ತಂಗಿ. ಅಣ್ಣ ಎತ್ತಿ ಆಡಿಸುವಾಗ ಇಟ್ಟ ಹೆಸರು ಪುಟ್ಟಿ. ಮೈ ಬೆಳೆದು ಬಾಗಿಲ ತುಂಬ ಆದರೂ ಪುಟ್ಟಿಯೇ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ಗಾಜಿನ ಕಿಟಕಿಯ ತೂತಿನಿಂದ ಕೂಗಿ ಕೂಗಿ, ಮನೆಯಲ್ಲಿ ಉಗುರು ಕತ್ತರಿ ಕೇಳಿದರೂ ಮೂರು ಮನೆಗೆ ಕೇಳಿಸುತ್ತಿತ್ತು. ಮದುವೆ ಬೇಡವೆಂದವಳು, ಎರಡು ಬೀದಿ ಆಚೆ ಒಂದು ಕೋಣೆ ಮಾಡಿಕೊಂಡಿದ್ದಳು. ವಾರಕ್ಕೆ ನಾಲ್ಕು ಸಂಜೆ ಅಣ್ಣನ ಮನೆಯಲ್ಲೇ ಊಟ. ಅತ್ತಿಗೆ ನಾದಿನಿಯರಿಗೆ ಹೊಂದುವುದಿಲ್ಲ ಎನ್ನುತ್ತಾರೆ. ಇವರಿಬ್ಬರೂ ಒಂದೇ ತಟ್ಟೆಯಲ್ಲಿ ಹುರಿದ ಕಡಲೆಕಾಯಿ ಹಾಕಿಕೊಂಡು ಕೂತರೆ ಲಿಫ್ಟಿನವರಿಗೆ ಸಿಪ್ಪೆಯೂ ಉಳಿಯುತ್ತಿರಲಿಲ್ಲ.

ಲಿಫ್ಟಿನವರಿಗೆ ಐವತ್ತೊಂಬತ್ತಾದಾಗ ಕಾಲಿಗೆ ಬಾವು ಬಂತು. ಬೂಟು ಹತ್ತದಾಯಿತು. ನಾಲ್ಕು ಹೆಜ್ಜೆ ಇಟ್ಟರೆ ಉಬ್ಬಸ. ಹೃದಯ ಸೋತಿದೆ ಎಂದರು ಆಸ್ಪತ್ರೆಯವರು. ಎಂಟು ದಿನ ಇಟ್ಟುಕೊಂಡು ಮನೆಗೆ ಕಳಿಸುವಾಗ ಕೈಗೊಂದು ದಪ್ಪ ಹಾಳೆ ಕೊಟ್ಟರು. ಓದು ಬಾರದವರಿಗೆಂದು ಚಿತ್ರ ಬರೆದ ಹಾಳೆ. ಉಪ್ಪಿನ ಡಬ್ಬಿ, ಚಿಪ್ಸ್ ಪೊಟ್ಟಣ, ಒಣಮೀನು, ಉಪ್ಪಿನಕಾಯಿ ಜಾಡಿ, ಉಪ್ಪು ಹಾಕಿದ ಬಿಸ್ಕತ್ತು, ಎಲ್ಲಕ್ಕೂ ಕೆಂಪು ಗೀಟು. ಕುಡಿಯುವ ನೀರು ದಿನಕ್ಕೆ ಒಂದೂವರೆ ಬಾಟಲಿ, ಅದಕ್ಕೂ ಒಂದು ಚಿತ್ರ.

ಇಸ್ತ್ರಿಯಮ್ಮ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಆ ಹಾಳೆಯನ್ನು ಒಲೆಯ ಎದುರು ಅಂಟಿಸಿ ಅಕ್ಷರಕ್ಕೆ ಅಕ್ಷರ ಪಾಲಿಸಿದಳು. ಉಪ್ಪಿನ ಡಬ್ಬಿಯನ್ನೇ ಎತ್ತಿ ಪುಟ್ಟಿಯ ಕೈಗೆ ಕೊಟ್ಟುಬಿಟ್ಟಳು. ತಾನೂ ಸಪ್ಪೆ ತಿಂದಳು. ಬೆಳಿಗ್ಗೆ ಬಾಟಲಿಯಲ್ಲಿ ನೀರು ಅಳೆದಿಟ್ಟು, ಚಹಾ ಮಾಡಿದರೆ ಅಷ್ಟನ್ನು ಅದರಿಂದ ಚೆಲ್ಲಿ ಕಡಿಮೆ ಮಾಡುತ್ತಿದ್ದಳು. ಆದರೆ ಗಂಡ ಉಣ್ಣಲೊಲ್ಲರು. ಒಂದು ತುತ್ತು ಬಾಯಿಗಿಟ್ಟು, "ಏನೇ ಇದು, ನಿನ್ನ ಲಾಂಡ್ರಿ ಬಟ್ಟೆ ಅಲಸಿದ ನೀರಾ?" ಎಂದು ತಟ್ಟೆ ದೂಡುವರು. ಹತ್ತು ದಿನದಲ್ಲಿ ಕೆನ್ನೆ ಒಳಗೆ ಹೋಯಿತು. ಒಂದು ದಿನ ಗೋಡೆ ಕಡೆ ತಿರುಗಿ ಮಲಗಿ, "ಆ ಸೂಪು ಒಂದು ಬಟ್ಟಲು ಕುಡಿದು ಸತ್ರೂ ಪರವಾಗಿಲ್ಲ" ಎಂದರು. ತಮಾಷೆಯ ಸ್ವರದಲ್ಲಿ ಹೇಳಲಿಲ್ಲ. ಅವಳಿಗೆ ಅದೇ ಸಹಿಸಲಾಗಲಿಲ್ಲ.

ಮರುದಿನ ಕೆಲಸ ಮುಗಿಸಿ ಚೀನೀ ಹೋಟೆಲಿನ ಹಿಂದಿನ ಕಿಟಕಿಗೆ ಹೋದಳು. ಬಾಣಸಿಗ ಈರುಳ್ಳಿ ಹೂವು ಹೆಚ್ಚುತ್ತಿದ್ದ.

"ಅಯ್ಯಾ, ಆ ಮೊಟ್ಟೆ ಸೂಪು ಮನೇಲಿ ಮಾಡೋದು ಹೇಗೆ? ಉಪ್ಪು ಮಾತ್ರ ಹಾಕೋ ಹಾಗಿಲ್ಲ."

"ಉಪ್ಪು ಹಾಕದೆ ಸೂಪಾ? ಅದಕ್ಕೆ ಬಿಸಿನೀರು ಅಂತ ಹೆಸರಿದೆಯಲ್ಲಮ್ಮ" ಎಂದು ನಕ್ಕ. ಆಮೇಲೆ ಚೂರಿ ಕೆಳಗಿಟ್ಟು ಒಂದೊಂದಾಗಿ ಹೇಳಿಕೊಟ್ಟ. "ಮೆಕ್ಕೆಜೋಳದ ಹಿಟ್ಟನ್ನ ತಣ್ಣೀರಲ್ಲಿ ಕಲಸ್ಕೊಂಡು ಬಿಡಿ. ಬಿಸೀಗೆ ಹಾಕಿದ್ರೆ ಗಂಟಾಗತ್ತೆ. ಮೊಟ್ಟೆ ಹೊಯ್ಯೋ ಮುಂಚೆ ಉರಿ ತಗ್ಗಿಸಿ. ಒಂದೇ ಕಡೆಗೆ ತಿರುಗಿಸಿ ಸುಳಿ ಎಬ್ಬಿಸಿ, ಮೇಲಿಂದ ದಾರದ ಹಾಗೆ ಬಿಡಿ. ಬಿಟ್ಟ ಮೇಲೆ ಕೈ ಕಟ್ಟಿ ನಿಂತ್ಕೊಳ್ಳಿ. ಎಲ್ಲರೂ ಅಲ್ಲೇ ಕೆಡಿಸೋದು, ತಾಳ್ಮೆ ಇಲ್ದೆ ಕಲಕ್ತಾರೆ. ಉಪ್ಪಿಲ್ದಿದ್ರೆ ಎರಡು ಚಮಚ ಸೋಯಾ, ಆ ಕಪ್ಪು ಸಾಸು ಬಿಟ್ಕೊಳ್ಳಿ, ಬಣ್ಣಾನೂ ಬರತ್ತೆ ರುಚೀನೂ ಬರತ್ತೆ."

ದಾರಿಯಲ್ಲಿ ಸಾಸಿನ ಬಾಟಲಿ ಕೊಂಡಳು. ಮನೆಗೆ ಬಂದು ಹಾಳೆಯ ಮುಂದೆ ನಿಂತು ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ನೋಡಿದಳು. ಆ ಬಾಟಲಿಯ ಚಿತ್ರ ಎಲ್ಲಿಯೂ ಇರಲಿಲ್ಲ.

ಮೊದಲ ಸಲ ಮೊಟ್ಟೆ ಹರಿದ ಬನಿಯನ್ನಿನ ಹಾಗೆ ಚಿಂದಿಯಾಯಿತು. ಲಿಫ್ಟಿನವರು ಅದನ್ನೂ ಬಟ್ಟಲು ನೆಕ್ಕಿ ಕುಡಿದರು. ಎರಡನೆಯ ದಿನ ಎಳೆ ಬಂತು. ಮೂರನೆಯ ದಿನ ಎದ್ದು ಕೂತು ತಂಗಿಗೆ, "ಪುಟ್ಟಿ, ನಿಮ್ಮತ್ತಿಗೆ ಬಟ್ಟೆ ಬಿಟ್ಟು ಮೊಟ್ಟೆ ಇಸ್ತ್ರಿ ಶುರು ಮಾಡಿದಾಳೆ" ಎಂದರು. ಮುಖಕ್ಕೆ ಕಳೆ ಬಂತು. ಆ ಸೂಪಿನ ನೀರನ್ನೂ ಅವಳು ಬಾಟಲಿಯ ಲೆಕ್ಕದಿಂದ ಕಳೆಯುತ್ತಿದ್ದಳು. ಅಷ್ಟು ಕಟ್ಟುನಿಟ್ಟು.

ನಾಲ್ಕನೆಯ ದಿನ ಸಾಸು ಬಗ್ಗಿಸುವಾಗ ಒಂದು ಹನಿ ತೋರುಬೆರಳ ಮೇಲೆ ಬಿತ್ತು. ಇಸ್ತ್ರಿ ಮೇಜಿನವರಿಗೆಲ್ಲ ಒಂದು ಅಭ್ಯಾಸ: ಪೆಟ್ಟಿಗೆ ಕಾದಿದೆಯೇ ಎಂದು ನೋಡಲು ಬೆರಳನ್ನು ನಾಲಗೆಗೆ ತಾಕಿಸಿ ತಳಕ್ಕೆ ಚುರ್ರೆನಿಸುವುದು. ದಿನಕ್ಕೆ ನೂರು ಸಲ ಹಾಗೆ ಮಾಡಿ ಮಾಡಿ, ಬೆರಳು ಒದ್ದೆಯಾಯಿತೆಂದರೆ ಅದು ತಾನಾಗಿ ಬಾಯಿಗೆ ಹೋಗುತ್ತಿತ್ತು. ಅವತ್ತೂ ಹೋಯಿತು. ನಾಲಗೆ ಕಹಿಯಾಗುವಷ್ಟು ಉಪ್ಪು.

ಅವಳು ಚಮಚ ಹಿಡಿದುಕೊಂಡು ನಿಂತಳು. ಒಳಗಿನ ಕೋಣೆಯಿಂದ ಗಂಡ ಬಟ್ಟಲನ್ನು ಉಗುರಿನಿಂದ ಟಿಣ್ ಟಿಣ್ ಎನಿಸುತ್ತಿದ್ದರು. ಇದು ಸಾಸಿನ ರುಚಿ, ಉಪ್ಪೆಂದರೆ ಬಿಳಿ ಇರುತ್ತದೆ, ಹಾಳೆಯಲ್ಲಿ ಇದರ ಚಿತ್ರ ಇಲ್ಲ, ಬರೆದವರು ದಡ್ಡರೇನಲ್ಲವಲ್ಲ. ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು. ಎರಡು ಚಮಚ ಬಗ್ಗಿಸಿದಳು. ಬಟ್ಟಲು ಒಯ್ದು ಕೊಟ್ಟಳು. ಅಲ್ಲಿಂದ ಮುಂದೆ ಇನ್ನೂ ಏಳು ದಿನ ಕೊಟ್ಟಳು.

ಹನ್ನೆರಡನೆಯ ದಿನ ಬೆಳಿಗ್ಗೆ ಲಿಫ್ಟಿನವರಿಗೆ ಮಲಗಿದರೆ ಉಸಿರು ಸಿಗದಾಯಿತು. ಕಾಲು ಕಂಬದ ಹಾಗೆ ಊದಿತ್ತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದ ಮೇಲೆ, ಡಾಕ್ಟರು ಅತ್ತಿಗೆ ನಾದಿನಿ ಇಬ್ಬರನ್ನೂ ಮಂಚದ ಪಕ್ಕದಲ್ಲೇ ನಿಲ್ಲಿಸಿ ಕೇಳಿದರು, "ಇವರಿಗೆ ಉಪ್ಪು ಕೊಟ್ಟೋರು ಯಾರು?"

ಇಸ್ತ್ರಿಯಮ್ಮ ಬಾಯಿ ತೆರೆಯುವ ಮೊದಲೇ ಪುಟ್ಟಿ ಅತ್ತುಬಿಟ್ಟಳು.

"ನಾನು ಡಾಕ್ಟ್ರೇ. ಮೊನ್ನೆ ಒಂದು ಹಿಡಿ ಉಪ್ಪುಗಡಲೆಕಾಯಿ ಕೊಟ್ಟೆ. ತುಂಬಾ ಕೇಳಿದ್ರು. ಒಂದೇ ಹಿಡಿ."

ಡಾಕ್ಟರು ಬೈದರು. ಸುತ್ತಲಿನ ಮಂಚದವರೂ ತಿರುಗಿ ನೋಡುವಷ್ಟು ಬೈದರು. ಬಸ್ ನಿಲ್ದಾಣವನ್ನೇ ಅದುರಿಸುವ ಪುಟ್ಟಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಇಸ್ತ್ರಿಯಮ್ಮ ನೆಲ ನೋಡಿದಳು. ಒಮ್ಮೆ ತಲೆಯೆತ್ತಿದಾಗ ಗಂಡ ತನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಅಷ್ಟರಲ್ಲಿ ಅವರು ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡಾಗಿತ್ತು.

ಅವರು ಆ ಸಲ ಉಳಿದರು. ಏಳು ತಿಂಗಳು ಬದುಕಿದರು. ಆ ಏಳು ತಿಂಗಳಲ್ಲಿ ಒಂದು ದಿನವೂ ಮೊಟ್ಟೆ ಸೂಪು ಕೇಳಲಿಲ್ಲ, ಯಾಕೆ ಮಾಡುವುದಿಲ್ಲ ಎಂದೂ ಕೇಳಲಿಲ್ಲ. ಸಾಸಿನ ಬಾಟಲಿಯನ್ನು ಅವಳು ಬಚ್ಚಲಿಗೆ ಸುರಿದು, ಖಾಲಿ ಬಾಟಲಿಯನ್ನು ಮೂರು ಬೀದಿ ಆಚೆ ಎಸೆದು ಬಂದಿದ್ದಳು. ಪುಟ್ಟಿ ಬರುತ್ತಿದ್ದಳು, ಆದರೆ ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗುವಳು. ಒಳಗೆ ಬಾ ಎಂದರೆ, "ಬೇಡ ಅತ್ತಿಗೆ, ನನ್ನ ಕೈ ಸರಿ ಇಲ್ಲ" ಎನ್ನುವಳು. ಒಮ್ಮೆ ಲಿಫ್ಟಿನವರು, "ಪುಟ್ಟೀನ ಒಂದ್ಸಲ ಕೂರಿಸ್ಕೊಂಡು ಮಾತಾಡೋಣ ಕಣೇ, ನಾವಿಬ್ರೂ" ಎಂದರು. "ಮಾತಾಡೋಣ ಬಿಡಿ, ನೀವು ಮೊದ್ಲು ಹುಷಾರಾಗಿ" ಎಂದು ಅವಳು ಎದ್ದು ಹೋದಳು. ಆ ಮಾತು ಮತ್ತೆ ಬರಲಿಲ್ಲ. ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ಲಿಫ್ಟಿನವರು ಹೋಗಿಬಿಟ್ಟರು. ಹೃದಯ ಮೊದಲೇ ಸವೆದಿತ್ತು, ಇಷ್ಟು ದಿನ ಓಡಿದ್ದೇ ಹೆಚ್ಚು ಎಂದರು ಡಾಕ್ಟರು. ಅದು ಪುಟ್ಟಿಯ ಕಿವಿಗೆ ಬಿದ್ದರೂ ತಲೆಗೆ ಇಳಿಯಲಿಲ್ಲ.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಇಸ್ತ್ರಿಯಮ್ಮ ಮೂರು ವರ್ಷ ಕಳೆದಳು. ಮೊದಲಿಗೆ ಸಾವಿನ ಮನೆಯಲ್ಲಿ ಬೇಡವೆಂದುಕೊಂಡಳು. ಆಮೇಲೆ ಈಗ ಹೇಳಿದರೆ ಆಗ ಯಾಕೆ ಹೇಳಲಿಲ್ಲ ಎನ್ನುತ್ತಾಳೆ ಎಂದುಕೊಂಡಳು. ಪುಟ್ಟಿ ಬಂದಾಗ ತನ್ನ ಊಟದ ಡಬ್ಬಿ ತಾನೇ ತಂದು ಹೊಸ್ತಿಲ ಹೊರಗೇ ಕೂತು ತಿನ್ನುತ್ತಿದ್ದಳು. ಕೇಳಿದರೆ ಬಿಪಿ ಎನ್ನುತ್ತಿದ್ದಳು. ಇಸ್ತ್ರಿಯಮ್ಮ ನಂಬಿದಳು. ನಂಬುವುದು ಅವಳಿಗೂ ಅನುಕೂಲವಾಗಿತ್ತು.

ಹೋದ ತಿಂಗಳು ಒಂದು ಬೆಳಿಗ್ಗೆ ಲಾಂಡ್ರಿಗೆ ಫೋನು ಬಂತು. ಪುಟ್ಟಿಯ ಪಕ್ಕದ ಕಿಟಕಿಯಲ್ಲಿ ಕೂರುವ ಹೆಂಗಸು.

"ನಿಮ್ಮ ನಾದಿನಿ ಟಿಕೆಟ್ ಹರಿಯೋವಾಗ್ಲೇ ಬಿದ್ದೋದ್ರು. ಆಸ್ಪತ್ರೆಗೆ ಸೇರಿಸಿದೀವಿ. ಏನ್ ಹೇಳ್ಬೇಕು ಹೇಳಿ, ಮೂರು ವರ್ಷದಿಂದ ಒಂದು ಹರಳು ಉಪ್ಪು ಬಾಯಿಗೆ ಹಾಕಿಲ್ಲ ಅವರು. ಬರೀ ಸಪ್ಪೆ, ಮೇಲೆ ಚೊಂಬುಗಟ್ಲೆ ನೀರು. ಯಾಕ್ರೀ ಅಂದ್ರೆ, ಅಣ್ಣನ್ನ ಕೊಂದ ಉಪ್ಪು ನಂಗ್ಯಾಕೆ ಅಂತಾರೆ."

ಇಸ್ತ್ರಿ ಪೆಟ್ಟಿಗೆ ಚಾದರದ ಮೇಲೆಯೇ ಇತ್ತು. ಬಟ್ಟೆ ಕಮರಿದ ವಾಸನೆ ಬಂದ ಮೇಲೆ ಪಕ್ಕದವಳು ಓಡಿಬಂದು ಎತ್ತಿದಳು.

ವಾರ್ಡಿನ ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಮಾತು ಕತ್ತರಿಸಿದ ಹಾಗೆ. "ರಕ್ತದಲ್ಲಿ ಉಪ್ಪಿನ ಅಂಶ ತುಂಬಾ ಇಳಿದಿದೆ. ಇವತ್ತು ನಾಳೆ ಡ್ರಿಪ್ಪಲ್ಲಿ ಎತ್ತುತೀನಿ. ಆಮೇಲೆ ಅವರೇ ತಿನ್ಬೇಕು. ಹಿಂಗೇ ಹಟ ಹಿಡಿದ್ರೆ ಮುಂದಿನ ಸಲ ಫಿಟ್ಸ್ ಬಂದು ಬೀಳ್ತಾರೆ, ಆಗ ಉಳಿಯೋದು ನನ್ನ ಕೈಲಿಲ್ಲ. ಇಲ್ಲಿ ಊಟ ತಂದ್ರೆ ಮುಖ ತಿರುಗಿಸ್ತಾರೆ. ಅವರಿಗೆ ಇಷ್ಟವಾದ್ದು ಏನಾದ್ರೂ ಮಾಡ್ಕೊಂಡು ಬನ್ನಿ. ಸೂಪು ಗೀಪು. ಉಪ್ಪು ಹಾಕಿ."

ಮರುದಿನ ಮಧ್ಯಾಹ್ನ ಲಾಂಡ್ರಿಗೆ ರಜೆ ಹಾಕಿ ಒಲೆ ಮುಂದೆ ನಿಂತಳು. ಪುಟ್ಟಿಗೆ ಇಷ್ಟವಾದದ್ದು ಎಂದರೆ ನೆನಪಾದದ್ದು ಒಂದೇ. ಅಣ್ಣ ಹೋಟೆಲಿನಿಂದ ಕಟ್ಟಿಸಿ ತಂದ ಮೊಟ್ಟೆ ಸೂಪಿನ ತಳವನ್ನು ಅವಳು ಬೆರಳಲ್ಲಿ ಬಳಿದು ತಿನ್ನುತ್ತಿದ್ದಳು. ಕೋಳಿ ಮೂಳೆ, ಒಂದು ತುಂಡು ಶುಂಠಿ, ಈರುಳ್ಳಿ ಹಾಕಿ ಗಂಟೆಹೊತ್ತು ಕುದಿಸಿ ಸೋಸಿದಳು. ಉಪ್ಪು ಹಾಕಿದಳು. ಸ್ವಲ್ಪ ಒಲೆಯ ಮೇಲೆ ಚೆಲ್ಲಿತು, ಚಟಪಟ ಎಂದಿತು. ಮೆಣಸು ಕುಟ್ಟಿ ಹಾಕಿದಳು. ಮೆಕ್ಕೆಜೋಳದ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಬಿಟ್ಟಳು. ಸಾರು ಗಂಜಿಯಷ್ಟೂ ಅಲ್ಲದೆ ನೀರಷ್ಟೂ ಅಲ್ಲದೆ ಹದಕ್ಕೆ ಬಂದಾಗ ಉರಿ ತಗ್ಗಿಸಿ, ಸೌಟಿನಿಂದ ಒಂದೇ ಕಡೆ ತಿರುಗಿಸಿ, ಎರಡು ಮೊಟ್ಟೆ ಒಡೆದು ಕದಡಿದ್ದನ್ನು ಮೇಲಿನಿಂದ ಸಣ್ಣಗೆ ಬಿಟ್ಟಳು. ಕೈ ಕಟ್ಟಿ ನಿಂತಳು. ಮೊಟ್ಟೆ ಬಿಳಿಯಾಗಿ, ಹಳದಿಯಾಗಿ, ಎಳೆ ಎಳೆಯಾಗಿ ಎದ್ದಿತು. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಅದು ಅವಳಿಗೆ ನಾಚಿಕೆ ತಂದಿತು.

ಪುಟ್ಟಿ ಕಿಟಕಿ ಪಕ್ಕದ ಮಂಚದಲ್ಲಿದ್ದಳು. ಮೈ ಅರ್ಧಕ್ಕೆ ಇಳಿದಿತ್ತು. ಕೈಗೆ ಸೂಜಿ. ಡಬ್ಬಿಯ ಮುಚ್ಚಳ ತೆಗೆದದ್ದೇ ಕಣ್ಣರಳಿಸಿದಳು.

"ಅಣ್ಣನ ಸೂಪು. ಅಯ್ಯೋ, ಎಷ್ಟು ವರ್ಷ ಆಯ್ತು ಅತ್ತಿಗೆ." ಆಮೇಲೆ ಅನುಮಾನದಿಂದ, "ಉಪ್ಪು ಹಾಕಿದೀರಾ?"

"ಹಾಕಿದೀನಿ."

"ಹಾಗಾದ್ರೆ ತಗೊಂಡು ಹೋಗಿ. ಬೇಜಾರು ಮಾಡ್ಕೋಬೇಡಿ. ನಿಮಗೂ ಗೊತ್ತಲ್ಲ."

"ಪುಟ್ಟಿ, ಉಪ್ಪು ಬಿಟ್ರೆ ಸಾಯ್ತೀಯ ಅಂತ ಡಾಕ್ಟರಮ್ಮ ಹೇಳ್ತಿದಾರೆ."

"ಸತ್ರೆ ಸಾಯ್ತೀನಿ, ಟಿಕೆಟ್ ನನ್ನ ಕೈಲೇ ಇದೆ" ಎಂದು ನಕ್ಕಳು. ನಗುವಾಗ ಅಣ್ಣನ ಮುಖವೇ ಬಂತು. "ಒಂದು ಹಿಡಿ ಕಡಲೆಕಾಯಿ ಅತ್ತಿಗೆ. ಬೇಡ ಅಂತ ಹೇಳೋಕಾಗ್ಲಿಲ್ಲ ನಂಗೆ."

ಇಸ್ತ್ರಿಯಮ್ಮ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟಳು. "ಕಡಲೆಕಾಯಿ ಅಲ್ಲ" ಎಂದಳು. "ಆ ಸೂಪಲ್ಲಿ ಕಪ್ಪು ಸಾಸು ಹಾಕ್ತಿದ್ದೆ. ದಿನಾ ಎರಡು ಚಮಚ. ಹನ್ನೊಂದು ದಿನ. ಅದರ ತುಂಬ ಉಪ್ಪು. ನಿನ್ನ ಒಂದು ಹಿಡಿ ಅದರ ಮುಂದೆ ಏನೂ ಅಲ್ಲ."

ಪುಟ್ಟಿ ಸೂಜಿಯಿಲ್ಲದ ಕೈಯಿಂದ ಅತ್ತಿಗೆಯ ಕೈ ಹಿಡಿದಳು. "ನಿಮಗೆ ಗೊತ್ತಿರ್ಲಿಲ್ಲ. ಪಾಪ, ನೀವೇನ್ ಓದಿದೀರಾ. ಆ ಹಾಳೇಲಿ ಇರ್ಲಿಲ್ಲ ಅಲ್ವಾ? ಅಯ್ಯೋ ದೇವ್ರೇ, ಇದನ್ನ ಒಬ್ರೇ ಇಟ್ಕೊಂಡು ಕೂತಿದ್ರಾ?"

ಅಲ್ಲಿಗೆ ಮುಗಿಸಬಹುದಿತ್ತು. ಪುಟ್ಟಿಯ ಕೈ ಬೆಚ್ಚಗಿತ್ತು. ಹೌದು ಗೊತ್ತಿರಲಿಲ್ಲ ಎಂದರೆ ಇಬ್ಬರೂ ಒಂದಿಷ್ಟು ಅತ್ತು, ಅವಳು ಸೂಪು ಕುಡಿದು, ಎಲ್ಲವೂ ಸರಿಹೋಗುತ್ತಿತ್ತು. ಇಸ್ತ್ರಿಯಮ್ಮನ ಬಾಯಿಯಲ್ಲಿ 'ಹೂಂ' ಎಂಬುದು ಬಂದೂ ಆಗಿತ್ತು. ಆದರೆ ಆ ಕೈ ತನ್ನ ಬೆರಳುಗಳನ್ನು ಸವರುತ್ತಿದ್ದ ರೀತಿ ಅವಳಿಂದ ತಡೆಯಲಾಗಲಿಲ್ಲ. ಕಳ್ಳತನದ ಮೇಲೆ ಇನ್ನೊಂದು ಕಳ್ಳತನ ಎನಿಸಿತು.

"ಗೊತ್ತಿತ್ತು" ಎಂದಳು.

"ಏನು?"

"ನಾಲ್ಕನೇ ದಿನಾನೇ ಗೊತ್ತಾಯ್ತು. ಬೆರಳು ನೆಕ್ಕಿದೆ. ಉಪ್ಪು ಅಂತ ನಾಲಗೆ ಹೇಳ್ತು. ಆಮೇಲೂ ಎಂಟು ದಿನ ಹಾಕ್ದೆ. ಅವರು ಬಟ್ಟಲು ಕೊಡುವಾಗ ನಗ್ತಿದ್ರು ಪುಟ್ಟಿ. ನಂಗೆ ಆ ನಗು ಬೇಕಿತ್ತು. ಡಾಕ್ಟ್ರು ಕೇಳಿದಾಗ್ಲೂ ಗೊತ್ತಿತ್ತು. ನೀನು ಅಳ್ತಿದ್ದೆ. ನಾನು ನೆಲ ನೋಡ್ತಿದ್ದೆ."

ಪುಟ್ಟಿ ಕೈ ತೆಗೆದುಕೊಂಡಳು. ಕೊಡವಿ ಎಳೆದುಕೊಳ್ಳಲಿಲ್ಲ, ಮೆಲ್ಲಗೆ, ತನ್ನದನ್ನು ತಾನು ಎತ್ತಿಕೊಂಡ ಹಾಗೆ. ಎದುರು ಮಂಚದ ಮುದುಕಿ ಕೆಮ್ಮಿದಳು. ಯಾರೋ ತಳ್ಳುಗಾಡಿ ಎಳೆದುಕೊಂಡು ಹೋದರು.

"ಅಣ್ಣಂಗೆ ಗೊತ್ತಿತ್ತಾ?" ದನಿ ಎಷ್ಟು ತಗ್ಗಿತ್ತೆಂದರೆ ಪುಟ್ಟಿಯದೇ ಅಲ್ಲ ಎನ್ನುವ ಹಾಗಿತ್ತು.

"ಗೊತ್ತಿತ್ತು ಅನ್ಸತ್ತೆ. ನಿನ್ನ ಕೂರಿಸ್ಕೊಂಡು ಮಾತಾಡೋಣ ಅಂದಿದ್ರು. ನಾನೇ ತಪ್ಪಿಸ್ದೆ. ಇದನ್ನ ಅವರ ತಲೆಗೆ ಕಟ್ಟಬೇಡ."

"ಮೂರು ವರ್ಷ ಅತ್ತಿಗೆ. ಹೊಸ್ತಿಲು ದಾಟಿಲ್ಲ ನಾನು. ಅಣ್ಣನ ಹೆಣಕ್ಕೆ ನೀರು ಬಿಡೋಕೂ ಕೈ ಮುಂದೆ ಮಾಡ್ಲಿಲ್ಲ. ನೀವು ಪಕ್ಕದಲ್ಲೇ ನಿಂತಿದ್ರಿ."

"ನಿಂತಿದ್ದೆ."

"'ನನ್ನ ಕೈ ಸರಿ ಇಲ್ಲ' ಅಂದಾಗ ನೀವೇನಂದ್ರಿ ಗೊತ್ತಾ? 'ಹಾಗೆಲ್ಲ ಅನ್ಬಾರ್ದು' ಅಂದ್ರಿ. ಎಷ್ಟು ಒಳ್ಳೆಯೋರು ನಮ್ಮತ್ತಿಗೆ ಅಂತ ಊರೆಲ್ಲ ಹೇಳ್ಕೊಂಡು ಬಂದೆ."

ಇಸ್ತ್ರಿಯಮ್ಮನಿಗೆ ಕ್ಷಮಿಸು ಎಂಬ ಮಾತು ಬಾಯಿಗೆ ಬಂದರೂ, ಅದನ್ನು ಕೇಳುವುದೂ ಒಂದು ಬೇಡಿಕೆಯೇ, ಈಗ ಇವಳ ಮುಂದೆ ಕೈಚಾಚುವ ಮುಖ ತನಗಿಲ್ಲ ಎಂದು ನುಂಗಿಕೊಂಡಳು. "ಬೈಯಿ" ಎಂದಳು ಕಡೆಗೆ. "ಹೊಡೀಬೇಕು ಅನ್ಸಿದ್ರೆ ಹೊಡಿ. ಆದ್ರೆ ಉಪ್ಪು ತಿನ್ನು. ನನ್ನ ತಪ್ಪಿಗೆ ನೀನು ಸಾಯ್ಬೇಡ."

ಪುಟ್ಟಿ ಸೂಪಿನ ಡಬ್ಬಿಯನ್ನು ನೋಡಿದಳು. ಹಬೆ ಇನ್ನೂ ಏಳುತ್ತಿತ್ತು. "ಇದನ್ನ ಎತ್ತಿ" ಎಂದಳು. "ನಿಮ್ಮ ಕೈದು ನಂಗೆ ಬೇಡ."

ಅವಳು ಮುಚ್ಚಳ ಹಾಕಿ ಎತ್ತಿಕೊಂಡಳು. ಎತ್ತಿಕೊಂಡು ಎಲ್ಲಿಗೆ ಹೋಗುವುದೆಂದು ತಿಳಿಯದೆ ನಿಂತಿದ್ದಾಗ, ಊಟದ ಗಾಡಿ ತಳ್ಳುವ ಆಯಾ ಬಂದಳು. ನಿನ್ನೆಯಿಂದ ಎರಡು ಸಲ ವಾಪಸು ಕಳಿಸಿಕೊಂಡದ್ದರಿಂದ ಪುಟ್ಟಿಯ ಮಂಚದ ಹತ್ತಿರ ನಿಲ್ಲದೆ ಮುಂದೆ ಹೋಗುತ್ತಿದ್ದಳು.

"ಏಯ್, ನಿಲ್ಲಮ್ಮ" ಎಂದು ಪುಟ್ಟಿ ಕೂಗಿದಳು. ವಾರ್ಡಿನ ಆ ಕೊನೆಯವರೂ ತಿರುಗಿದರು. "ನನ್ನ ತಟ್ಟೆ ಯಾರಿಗೆ ಕೊಡೋಕೆ ಹೊರಟೆ?"

"ನೀವು ಬೇಡ ಅಂತೀರಲ್ಲ."

"ಬೇಡ ಅಂದಿದ್ದು ನಿನ್ನೆ. ಇವತ್ತು ಕೊಡು. ಏನಿದೆ?"

ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಎರಡು ಚೂರು ಬ್ರೆಡ್ಡು. ಪುಟ್ಟಿ ಆಲೂಗಡ್ಡೆಯನ್ನು ಚಮಚದಿಂದ ಒಡೆದು ಬಾಯಿಗಿಟ್ಟಳು. ಮೂರು ವರ್ಷದ ಮೇಲಿನ ಮೊದಲ ಉಪ್ಪು. ಮುಖ ಕಿವುಚಿಕೊಂಡಿತು, ಕಣ್ಣಲ್ಲಿ ನೀರು ಬಂತು, ಆದರೂ ನುಂಗಿದಳು. ಸಿಟ್ಟಿನಿಂದ ನುಂಗಿದಳು, ಒಂದೊಂದು ತುತ್ತನ್ನೂ ಯಾರಿಗೋ ಕೊಟ್ಟ ಏಟಿನ ಹಾಗೆ. ಇಸ್ತ್ರಿಯಮ್ಮ ಕೊನೆಯ ಚೂರು ಬ್ರೆಡ್ಡು ತಟ್ಟೆ ಒರೆಸುವ ತನಕ ನೋಡಿದಳು.

"ನಾಳೆ ಬರಬೇಡಿ" ಎಂದಳು ಪುಟ್ಟಿ, ತಲೆಯೆತ್ತದೆ.

"ಆಯ್ತು."

"ನಾಡಿದ್ದೂ ಬರಬೇಡಿ. ನಂಗೆ ನಿಮ್ಮ ಮುಖ ನೋಡ್ಬೇಕು ಅಂದ ದಿನ ನಾನೇ ಹೇಳಿ ಕಳಿಸ್ತೀನಿ. ಹೇಳಿ ಕಳಿಸ್ತೀನೋ ಇಲ್ವೋ, ಅದೂ ಗೊತ್ತಿಲ್ಲ."

"ಆಯ್ತು ಪುಟ್ಟಿ."

ಅವಳು ಹೊರಟಳು. ಬಾಗಿಲ ಬಳಿ ಬಂದಾಗ ಹಿಂದಿನಿಂದ ಮತ್ತೆ ಅದೇ ದೊಡ್ಡ ದನಿ ಕೇಳಿಸಿತು. ಆಯಾಳನ್ನು ಕೇಳುತ್ತಿತ್ತು, ಇನ್ನೊಂದು ಆಲೂಗಡ್ಡೆ ಉಳಿದಿದೆಯಾ ಎಂದು. ಇಸ್ತ್ರಿಯಮ್ಮ ತಿರುಗಿ ನೋಡಲಿಲ್ಲ. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಇಳಿಯತೊಡಗಿದಳು.